ಸೋಮನಿಂಗ ಸರ್ ಅವರ ಇಂಗ್ಲಿಷು

"ನಿಮ್ಮ ಪಲ್ಕ್ರಿಟ್ಯೂಡ್ ಭಾಳ ಚಲೋ ಐತ್ರಿ ಮೇಡಮ್."

ಇಂಡಿ ಪಟ್ಟಣದಿಂದ ತಾಂಬಾಕ್ಕೆ ಹೊರಟಿದ್ದ ಬಸ್ಸಿನಲ್ಲಿ, ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ ಹೀಗಂದಾಗ ಸುವರ್ಣಾಗೆ ಸಿಟ್ಟು ನೆತ್ತಿಗೇರಿತು. ಆಕೆ ತಾಂಬಾದ ದನದ ದವಾಖಾನೆಯ ಡಾಕ್ಟರು. ಆಕೆಯ ಕಿವಿಗೆ ಆ ಶಬ್ದ ಎಮ್ಮೆಯ ಕೆಚ್ಚಲಿಗೆ ಬರುವ ಯಾವುದೋ ರೋಗದ ಹೆಸರಿನಂತೆ ಕೇಳಿತು.

"ಸರ, ಬಾಯಿ ಬಿಗಿ ಹಿಡಿದು ಮಾತಾಡ್ರಿ."

ಆತ ಗಾಬರಿಯಾಗಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟ. ಅದು ಅವನು ಇಳಿಯುವ ಊರೇ ಅಲ್ಲ.

ದವಾಖಾನೆಗೆ ಬಂದು ಮೊಬೈಲಿನಲ್ಲಿ ಹುಡುಕಿದಳು. ಪಲ್ಕ್ರಿಟ್ಯೂಡ್ ಅಂದರೆ ಚೆಲುವು. ಇಷ್ಟು ಕುರೂಪಿ ಶಬ್ದಕ್ಕೆ ಅಷ್ಟು ಚಂದದ ಅರ್ಥ! ಕನ್ನಡದಲ್ಲೇ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಮರುದಿನ ಅವನೇ ದವಾಖಾನೆಯ ಬಾಗಿಲಿಗೆ ಬಂದ. ಹೆಸರು ಸೋಮನಿಂಗ ಎಂದ.

"ನಿನ್ನೆ ನಂದೊಂದು ಫೋ ಪಾ ಆತ್ರಿ."

"ಅಂದ್ರ?"

"ನಾಕು ಮಂದಿ ನಡುವ ಆಗೂ ತಪ್ಪು."

"ತಪ್ಪಾತು ಅನ್ನಾಕ ಏನಾಗಿತ್ರಿ ನಿಮಗ?"

ಅವನು ನಕ್ಕ. ಆಕೆ ನಗಲಿಲ್ಲ. ಆದರೆ ನಂಬರ್ ಕೊಟ್ಟಳು. ಅಂದಿನಿಂದ ವಾಟ್ಸಾಪಿನಲ್ಲಿ ಶಬ್ದಗಳು ಬರತೊಡಗಿದವು. ಎಂದೂ ಯಾರೂ ಆಡದ ಇಂಗ್ಲಿಷ್ ಶಬ್ದಗಳು. ಕರು ಹಾಕುವ ಆಕಳ ಹಿಂದೆ ಕೂತಾಗಲೂ ಒಂದು ಬಂದು ಬೀಳುತ್ತಿತ್ತು. ಬರದ ದಿನ ಆಕೆ ಎರಡೆರಡು ಸಲ ಮೊಬೈಲ್ ನೋಡಿ, ತನ್ನ ಮೇಲೆಯೇ ಸಿಡುಕುತ್ತಿದ್ದಳು.

ಒಂದು ಸಂಜೆ ಸ್ಕೂಟಿಯಲ್ಲಿ ಬರುವಾಗ ಅವನು ಕಾಲುವೆಯ ದಂಡೆಯ ಮೇಲೆ ನಿಂತಿದ್ದ.

"ಇಲ್ಲೇನ್ ಮಾಡಾಕತ್ತೀರಿ ಸರ?"

"ಗೊಂಗೂಜ್ಲರ್ ಆಗೇನ್ರಿ. ಅಂದ್ರ, ಕೆಲಸಿಲ್ಲದ ಕಾಲುವಿ ನೋಡ್ಕೋತ ನಿಲ್ಲೂ ಮನಷ್ಯಾ."

"ಕಾಲುವಿ ನೋಡಾಕತ್ತೀರೋ, ನನ್ನ ದಾರಿ ನೋಡಾಕತ್ತೀರೋ?"

ಅವನು ತಟ್ಟನೆ ಕಣ್ಣು ನೀರಿಗೆ ಇಳಿಸಿದ. ಕಿವಿ ಕೆಂಪಾದವು. ಆಕೆ ಗಾಡಿ ಶುರು ಮಾಡಿದ ಮೇಲೆ ಕನ್ನಡಿಯಲ್ಲಿ ನೋಡಿದಳು. ಈಗ ಆ ಕಣ್ಣುಗಳು ನೀರಿನ ಮೇಲಿರಲಿಲ್ಲ. ಅವಳ ಬೆನ್ನ ಮೇಲಿದ್ದವು. ನೇರ ನೋಡಲಿಕ್ಕೂ ಬಾರದ ಮನುಷ್ಯ ಎಂದು ಹಲ್ಲು ಕಚ್ಚಿದಳು. ಆದರೂ ತಿರುವು ಬರುವತನಕ ಗಾಡಿಯನ್ನು ಮೆಲ್ಲಗೆ ಬಿಟ್ಟಳು.

ಹೀಗೇ ಒಂದು ವರ್ಷ ಹೋಯಿತು. ಸುವರ್ಣಾಳ ಊರು ಇಂಗಳೇಶ್ವರದಲ್ಲಿ ಅಪ್ಪ ರಾವಸಾಬ ಮುದ್ದೇಬಿಹಾಳದ ಹುಡುಗನೊಬ್ಬನ ಕಡೆಯವರಿಗೆ ಬರಲು ಹೇಳಿಬಿಟ್ಟಿದ್ದ. ಸೋಮನಿಂಗ ದವಾಖಾನೆಗೆ ಬಂದಾಗ ಸುವರ್ಣಾ ಕೈ ತೊಳೆಯುತ್ತಲೇ ಹೇಳಿದಳು.

"ಐತವಾರ ನನ್ನ ನೋಡಾಕ ಬರ್ತಾರ."

ಅವನ ಮುಖ ಇಳಿಯಿತು. "ಇದಕ್ಕೊಂದು ಶಬ್ದ ಐತ್ರಿ..." ಎಂದು ಶುರು ಮಾಡಿದ.

"ನನ್ನ ಹತ್ರನೂ ಒಂದೈತ್ರಿ. ನಿಮಗಂತನ ಹುಡುಕಿ ಇಟ್ಟೇನಿ. ವೆಲೀಯಿಟಿ. ಮನಸಿನ್ಯಾಗ ಆಸೆ ಇರತೈತಿ, ಎದ್ದು ಒಂದು ಹೆಜ್ಜಿ ಇಡೂವಷ್ಟು ಇರೂದಿಲ್ಲ. ಅದರ ಹೆಸರು."

ಅವನಿಗೆ ಆ ಶಬ್ದ ಗೊತ್ತಿತ್ತು. ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು.

"ಕನ್ನಡದಾಗ ಕೇಳಿದ್ರ ನೀವು ಒಲ್ಲೆ ಅನ್ನಬಹುದು," ಎಂದ ಮೆಲ್ಲಗೆ. "ಇಂಗ್ಲಿಷ್‌ನ್ಯಾಗ ಅಂದ್ರ ತಿಳೀಲಿಲ್ಲ ಅಂತೀರಿ. ಅಷ್ಟಾದ್ರ ನನಗ ನಡೀತೈತ್ರಿ."

"ನನಗ ನಡಿಯೂದಿಲ್ಲ," ಎಂದವಳೇ ಬ್ಯಾಗು ಎತ್ತಿಕೊಂಡು ಹೊರಟುಹೋದಳು.

ಶನಿವಾರ ಮಧ್ಯಾಹ್ನ ಇಂಗಳೇಶ್ವರದ ಮನೆಯ ಮುಂದೆ ಬೈಕೊಂದು ನಿಂತಿತು. ಒಳಗೆ ಅಕ್ಕಿ ಆರಿಸುತ್ತಿದ್ದ ಸುವರ್ಣಾಗೆ ದನಿಯ ಗುರುತು ಹತ್ತಿತು. ಎದ್ದು ಬಾಗಿಲ ಮರೆಗೆ ಬಂದಳು.

"ತಾಂಬಾ ಹೈಸ್ಕೂಲಿನ ಮಾಸ್ತರ್ರಿ ನಾನು," ಎನ್ನುತ್ತಿದ್ದ ಸೋಮನಿಂಗ.

"ಬರ್ರಿ, ಕುಂಡ್ರಿ. ದನಕ್ಕೇನರ ಆಗೇತೇನು?" ಎಂದ ರಾವಸಾಬ.

"ಇಲ್ರಿ. ನನಗ ಆಗೇತಿ."

ರಾವಸಾಬ ಕಕ್ಕಾಬಿಕ್ಕಿಯಾಗಿ ನೋಡಿದ. ಸೋಮನಿಂಗ ಹಣೆಯ ಬೆವರು ಒರೆಸಿಕೊಂಡ. "ಅಂದ್ರ ಇದು ಒಂಥರಾ ಲಿಮರ್..." ಎಂದು ಮತ್ತೊಂದು ಇಂಗ್ಲಿಷ್ ಶಬ್ದ ಶುರು ಮಾಡಿ, ಬಾಗಿಲಲ್ಲಿ ಸುವರ್ಣಾಳ ಮುಖ ಕಂಡು ತಡೆದ. ಈ ಸಲ ಕಣ್ಣು ಕೆಳಗೆ ಇಳಿಸಲಿಲ್ಲ.

"ನಿಮ್ಮ ಮಗಳಂದ್ರ ನನಗ ಭಾಳ ಪ್ರೀತಿ ಐತ್ರಿ. ಲಗ್ನಾ ಮಾಡಿ ಕೊಡ್ತೀರೇನು ಅಂತ ಕೇಳಾಕ ಬಂದೇನಿ. ಅವರು ಒಲ್ಲೆ ಅಂದ್ರ ಸುಮ್ಮನ ಹೊಳ್ಳಿ ಹೊಕ್ಕೇನ್ರಿ."

ರಾವಸಾಬ ಮಗಳತ್ತ ತಿರುಗಿದ. "ಏನವಾ ಇದು?"

ಸುವರ್ಣಾ ಬಾಗಿಲ ಮರೆಯಿಂದ ಹೊರಗೆ ಬಂದಳು.

"ಎಷ್ಟ್ ಕಾಡಿಸಿದ್ರಿ ಸರ," ಎಂದಳು. ದನಿ ಒಡೆಯಿತು. "ಇಷ್ಟು ಸಣ್ಣ ಮಾತಿಗೆ."

ಆಮೇಲೆ ಅಪ್ಪನಿಗೆ, "ಮುದ್ದೇಬಿಹಾಳಕ್ಕ ಫೋನ್ ಹಚ್ಚು ಅಪ್ಪಾ. ನಾಳೆ ಬರೂದು ಬ್ಯಾಡ ಅನ್ನು," ಎಂದಳು.

ಸೋಮನಿಂಗ ಈಗ, ಯಾರೂ ಹೇಳದೆಯೇ, ಕೂತುಬಿಟ್ಟ.

ಸುವರ್ಣಾ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಸಕ್ಕರೆ ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕಿದಳು. ಸಿಟ್ಟಿಗೇ ಇರಬೇಕು ಎಂದುಕೊಂಡಳು.