ಬಲಗಡೆ ಸಾಲಿನ ಎಣಿಕೆ

"ಹೇಳಬೇಡಿ! ಬಾಯಿ ಮುಚ್ಚಿ!"

ಮಾನಸಳಿಗೆ ರವಿಚಂದ್ರ ಆಡಿದ ಮೊದಲ ಮಾತು ಇದು. ಪರಿಚಯವಿಲ್ಲ, ನಮಸ್ಕಾರವಿಲ್ಲ!

ದೇವನಹಳ್ಳಿ ಹತ್ತಿರದ ಆ ಪ್ರಯೋಗಾಲಯದಲ್ಲಿ ಅವಳು ಮೂರು ವರ್ಷದಿಂದ ಇದ್ದಳು. ಅವನು ಕೆಲಸಕ್ಕೆ ಸೇರಿ ಹತ್ತು ನಿಮಿಷ. ಪ್ಲೇಟಿನ ಯಾವ ಗುಂಡಿಗೆ ಎಂಜೈಮ್ ಹಾಕಿದ್ದೇನೆಂದು ಹೇಳಹೊರಟವಳ ಕೋಪ ಮೂಗಿನ ತುದಿಗೆ ಬಂತು.

"ಏನ್ರೀ ಹಾಗಂದ್ರೆ? ನನ್ನ ಪ್ಲೇಟು ಅದು!"

"ಇರ್ಬೋದು. ಎಣಿಸೋನು ನಾನು. ಯಾವುದು ಎಲ್ಲಿದೆ ಅಂತ ಗೊತ್ತಾಗ್ಬಿಟ್ರೆ ಕಣ್ಣು ಸುಳ್ಳು ಹೇಳುತ್ತೆ."

ಅವಳ ಕೆಲಸ ಹೇಳಲು ಸುಲಭ. ಪ್ಲೇಟಿನ ಪುಟ್ಟ ಗುಂಡಿಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಬಿಡಬೇಕು. ಅವು ತಳಕ್ಕೆ ಅಂಟಿದ ಮೇಲೆ ತೊಳೆಯಬೇಕು. ಉಳಿದವುಗಳ ಫೋಟೋ ತೆಗೆದು ಎಣಿಸಬೇಕು. ಎಂಜೈಮ್ ಇರುವ ಕಡೆ ಕಡಿಮೆ ಉಳಿದರೆ, ಅದು ಕೋಶದ ಹಿಡಿತ ಬಿಡಿಸುತ್ತದೆ ಎಂದರ್ಥ. ಹಿಡಿತ ಬಿಟ್ಟ ಕೋಶವೇ ಮೈಯಲ್ಲಿ ಬೇರೆ ಕಡೆ ಹೋಗಿ ಕೂರುವುದು. ಇದು ಸಾಬೀತಾದರೆ ಮಾನಸ ಡಾಕ್ಟರೇಟ್ ಪ್ರಬಂಧ ಸಲ್ಲಿಸಬಹುದು. ಇಲ್ಲದಿದ್ದರೆ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಜಗಳ ಅದು ಹೇಗೋ ಒಟ್ಟಿಗೆ ಕೂತು ಉಣ್ಣುವುದಕ್ಕೆ ತಿರುಗಿತು. ತನ್ನೂರು ಆವತಿಯಿಂದ ಅವಳು ತರುತ್ತಿದ್ದ ಅವರೆಕಾಳು ಸಾರನ್ನು ದೊಡ್ಡಬಳ್ಳಾಪುರದ ಈ ಹುಡುಗ ಒಂದು ದಿನವೂ ಹೊಗಳಲಿಲ್ಲ, ಡಬ್ಬಿಯನ್ನು ಮಾತ್ರ ಬಳಿದು ಖಾಲಿ ಮಾಡುತ್ತಿದ್ದ. ಅವಳು ಬೆಳಿಗ್ಗೆ ಇಬ್ಬರಿಗಾಗುವಷ್ಟು ತುಂಬಿಸತೊಡಗಿದಳು.

'ಅಯ್ಯೋ, ನನಗೇನಾಗ್ತಿದೆ...'

ಏನಾಗುತ್ತಿದೆ ಎಂದು ಪ್ರಯೋಗಾಲಯಕ್ಕೆಲ್ಲ ಗೊತ್ತಿತ್ತು, ಅವರಿಬ್ಬರನ್ನು ಬಿಟ್ಟು!

ಒಂದು ದಿನ ಊಟದ ನಡುವೆ ಮಾನಸಳ ನಾಲಗೆ ಜಾರಿತು.

"ನಮ್ಮಮ್ಮ ರಾಗಿ ನಾಟಿ ಶುರು ಮಾಡೋದೇ ಬಲಗಡೆಯಿಂದ. ನನಗೂ ಅದೇ ರೂಢಿ ಕಣ್ರೀ, ಎಂಜೈಮ್ ಯಾವಾಗ್ಲೂ ಬಲಗಡೆ ಸಾಲಿಗೇ..."

ರವಿಚಂದ್ರನ ತುತ್ತು ಕೈಯಲ್ಲೇ ನಿಂತಿತು. ಅವಳು ಗಮನಿಸಲಿಲ್ಲ. ಮಾತಾಡುವಾಗ ಮಾನಸ ಏನನ್ನೂ ಗಮನಿಸುವುದಿಲ್ಲ.

ಎರಡು ವಾರ ಕಳೆದ ಮೇಲೆ ಅವಳ ಮಾರ್ಗದರ್ಶಕಿ ಮಮತಾ ಮೇಡಂ ಕರೆದರು.

"ಈ ಎರಡು ವಾರ ತಾನು ಎಣಿಸಿದ್ದನ್ನ ತಗೋಬೇಡಿ ಅಂತ ರವಿಚಂದ್ರ ಬರೆದುಕೊಟ್ಟಿದ್ದಾರೆ. ಆ ಫೋಟೋಗಳನ್ನ ಪಕ್ಕದ ಲ್ಯಾಬಿನ ರಂಜಿತ ಮತ್ತೆ ಎಣಿಸ್ತಾಳೆ."

ಮಾನಸ ನೇರವಾಗಿ ಅವನ ಮೇಜಿಗೆ ಹೋದಳು.

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ದಿದ್ರೆ ಮುಖಕ್ಕೆ ಹೇಳ್ಬೇಕಿತ್ತು! ಇಷ್ಟು ದಿನ ಒಟ್ಟಿಗೆ ಕೂತು ಉಂಡ್ರಲ್ಲ..."

"ಮಾನಸ ಅವರೇ, ಅದು ಹಾಗಲ್ಲ..."

"ಸಾಕು!"

ಐದು ದಿನ ಅವಳು ಒಬ್ಬಳೇ ಉಂಡಳು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತಳು. ಪ್ರಬಂಧಕ್ಕಾಗಿಯೇ ಅಳುತ್ತಿದ್ದೇನೆಂದು ತನಗೆ ತಾನೇ ಹೇಳಿಕೊಂಡಳು.

ಆರನೇ ದಿನ ರಂಜಿತ ತನ್ನ ಹಾಳೆ ತಂದಿಟ್ಟಳು. ಎಂಜೈಮ್ ಇಲ್ಲದ ಕಡೆ ನೂರು ಕೋಶ ಉಳಿದರೆ, ಇರುವ ಕಡೆ ಅರವತ್ತೊಂದು.

"ಇಷ್ಟು ಸಾಕು ಕಣಮ್ಮ, ಬರೆದು ಮುಗಿಸು" ಎಂದರು ಮೇಡಂ.

ಮಾನಸ ಗೆದ್ದಿದ್ದಳು! ಆದರೆ ಅವಳ ಕಣ್ಣು ಪಕ್ಕದಲ್ಲಿದ್ದ ರವಿಚಂದ್ರನ ಹಾಳೆಯ ಮೇಲಿತ್ತು. ಆ ಊಟದ ದಿನದವರೆಗೆ ಅವನ ಲೆಕ್ಕವೂ ಅರವತ್ತು, ಅರವತ್ತೆರಡು. ಮರುದಿನದಿಂದ ನಲವತ್ತೆಂಟು! ಎಡಗಡೆ ಸಾಲು ಸರಿಯಾಗಿತ್ತು. ಬಲಗಡೆ ಮಾತ್ರ ಕಡಿಮೆ, ಪ್ರತಿ ಫೋಟೋದಲ್ಲೂ.

'ಅಯ್ಯೋ... ನಾನೇ ಬಾಯಿಬಿಟ್ಟೆನಲ್ಲ!'

ಅವನು ಬಸ್‌ಸ್ಟಾಪಿನಲ್ಲಿದ್ದ. ಅವಳು ಏದುಸಿರು ಬಿಡುತ್ತಾ ಎದುರಿಗೆ ನಿಂತಳು.

"ಬಲಗಡೆ ಸಾಲು ಪೂರ್ತಿ ತಪ್ಪು ಎಣಿಸಿದ್ದೀರ."

"ಗೊತ್ತು ರೀ. ಬೇಕೂಂತ ಮಾಡಲಿಲ್ಲ. ಮಸುಕಾಗಿರೋ ಕೋಶ ಕಂಡ್ರೆ ಕಣ್ಣು ಎಣಿಸದೆ ಬಿಟ್ಟುಬಿಡ್ತಿತ್ತು. ನೀವು ಗೆಲ್ಲಲಿ ಅಂತ... ಆಮೇಲೆ ನನಗೇ ನಾಚಿಕೆ ಆಯ್ತು, ಬರೆದುಕೊಟ್ಟೆ."

"ಒಂದು ತಪ್ಪಾದ್ರೂ ನನಗೆ ವಿರುದ್ಧವಾಗಿಲ್ವಲ್ರೀ?"

"ಇಲ್ಲ... ಎಲ್ಲಾ ನಿಮ್ಮ ಕಡೆಗೇ."

ಮಾನಸಳ ಕಣ್ಣು ತುಂಬಿತು. ಇಷ್ಟು ಪ್ರೀತಿ ಯಾರೂ ಅವಳಿಗೆ ಲೆಕ್ಕದಲ್ಲಿ ತೋರಿಸಿರಲಿಲ್ಲ.

"ಇನ್ಮೇಲೆ ನನ್ನ ಪ್ಲೇಟು ನೀವು ಎಣಿಸೋ ಹಾಗಿಲ್ಲ."

ಅವನ ಮುಖ ಬಾಡಿತು. "ಇನ್ನೂ ಕೋಪಾನಾ?"

"ಕಟ್ಕೊಳ್ಳೋ ಗಂಡ ಎಣಿಸಿದ್ರೆ ಲೋಕ ನಂಬುತ್ತಾ?"

ದೊಡ್ಡಬಳ್ಳಾಪುರದ ಬಸ್ಸು ಬಂದು ನಿಂತು, ಕಾದು, ಹೊರಟೇಹೋಯಿತು.

"ಮಾನಸ... ಇನ್ನೊಂದ್ಸಲ ಹೇಳ್ತೀರಾ?"

"ಭಾನುವಾರ ಆವತಿಗೆ ಬನ್ನಿ. ನಮ್ಮಪ್ಪನ ಮುಂದೆ ಹೇಳ್ತೀನಿ."