ಬಿಳಿ ಸ್ಟ್ರಿಂಗ್ ಮೇಲಿನ ಹಳದಿ ಗುರುತು

“ನಲವತ್ತೆಂಟಾ?” ಎಂದ ವೇಣು, ತಲೆ ಎತ್ತದೆ.

“ಹೂಂ. ಮೂರಕ್ಕೂ ನಲವತ್ತೆಂಟೇ ಹಾಕಿ.”

“ಎರಡು ವರ್ಷದಿಂದ ನಿಮ್ಮ ರ‍್ಯಾಕೆಟ್‌ಗೆ ಸ್ಟ್ರಿಂಗ್ ಹಾಕ್ತಿದ್ದೀನಿ ಮೇಡಂ. ಐವತ್ತೆರಡಕ್ಕಿಂತ ಕೆಳಗೆ ನೀವು ಇಳಿದಿದ್ದೇ ಇಲ್ಲ.”

“ಇವತ್ತು ಇಳಿದೆ. ನೋಡ್ಕೊಳ್ಳಿ,” ಎಂದು ಗೌತಮಿ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಬೆಂಗಳೂರಿನ ಆ ಟೆನಿಸ್ ಕ್ಲಬ್ಬಿನ ಮೆಟ್ಟಿಲ ಕೆಳಗೊಂದು ಪುಟ್ಟ ಕೋಣೆ. ಟೂರ್ನಿ ನಡೆಯುವಾಗಲೆಲ್ಲ ಅಲ್ಲಿ ವೇಣುವಿನದೇ ದರ್ಬಾರು. ಆಟಗಾರ್ತಿಯರು ರ‍್ಯಾಕೆಟ್ ತಂದುಕೊಟ್ಟು ಎಷ್ಟು ಪೌಂಡ್ ಬಿಗಿ ಬೇಕೆಂದು ಹೇಳಿ ಹೋಗುತ್ತಾರೆ. ಅವನು ಹಳೆಯ ಸ್ಟ್ರಿಂಗ್ ಕತ್ತರಿಸಿ ತೆಗೆದು ಹೊಸದನ್ನು ಹೆಣೆಯುತ್ತಾನೆ. ಹೆಸರು, ತಾರೀಕು, ಪೌಂಡ್ ಬರೆದ ಸ್ಟಿಕ್ಕರ್ ಅಂಟಿಸಿ ಕೊಡುತ್ತಾನೆ. ಬಿಗಿ ಹೆಚ್ಚಿದ್ದರೆ ಚೆಂಡು ಹೇಳಿದ ಮಾತು ಕೇಳುತ್ತದೆ, ಆದರೆ ತೋಳಿನಲ್ಲಿ ಕಸುವಿರಬೇಕು. ಬಿಗಿ ಕಡಿಮೆ ಮಾಡಿದರೆ ರ‍್ಯಾಕೆಟ್ಟೇ ಚೆಂಡನ್ನು ಚಿಮ್ಮಿಸುತ್ತದೆ. ಕಸುವಿಲ್ಲದ ತೋಳಿಗೆ ಅದೇ ಅನುಕೂಲ.

ವೇಣು ಶಿಡ್ಲಘಟ್ಟದವನು. ಅವನ ತಾಯಿ ಇಪ್ಪತ್ತು ವರ್ಷ ರೇಷ್ಮೆ ನೂಲು ಬಿಚ್ಚುವ ಫಿಲೇಚರಿನಲ್ಲಿ ಕುದಿಯುವ ನೀರಿನ ಮುಂದೆ ಕೂತು ಗೂಡಿನ ಎಳೆ ಹುಡುಕಿದವಳು. ಎಳೆಯ ಮೇಲೆ ಬೆರಳಾಡಿಸಿದರೆ ಅದಕ್ಕೇನಾಗಿದೆ ಎಂದು ತಿಳಿಯುವ ಗುಣ ಮಗನಿಗೂ ಬಂದಿತ್ತು. ಅವನು ಗೌತಮಿಯ ರ‍್ಯಾಕೆಟ್ಟನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದ. ಬಿಳಿ ಸ್ಟ್ರಿಂಗ್ ಮೇಲೆ ಚೆಂಡಿನ ನವಿರು ನಾರು ತಾಗಿ ಹಳದಿ ಗುರುತುಗಳು ಮೂಡಿದ್ದವು.

“ನಿಮ್ಮ ಚೆಂಡು ಯಾವಾಗ್ಲೂ ಇಲ್ಲಿ, ಮಧ್ಯದಲ್ಲಿ, ಒಂದು ಲಾಡು ಇಡೋವಷ್ಟು ಜಾಗದಲ್ಲೇ ಬೀಳ್ತಿತ್ತು. ಈಗ ನೋಡಿ, ಎಲ್ಲಾ ತುದೀಲಿ ಬಿದ್ದಿದೆ. ಕಾಲು ಲೇಟಾಗ್ತಿದೆ.” ಈಗ ಅವನು ತಲೆ ಎತ್ತಿದ. “ಎಷ್ಟು ದಿನ ಆಯ್ತು ಜ್ವರ ಬಂದು?”

“ಜ್ವರ ಅಂತ ಯಾರಂದ್ರು ನಿಮಗೆ?”

“ರ‍್ಯಾಕೆಟ್ಟು.”

ಬೇರೆ ದಿನವಾಗಿದ್ದರೆ ಈ ಉತ್ತರಕ್ಕೆ ಅವಳು ಅವನನ್ನು ಚೆನ್ನಾಗಿ ಗೋಳುಹೊಯ್ದುಕೊಳ್ಳುತ್ತಿದ್ದಳು. ಎರಡು ವರ್ಷದಿಂದ ಇಬ್ಬರಿಗೂ ಅದೇ ಕೆಲಸ. ಸ್ಟ್ರಿಂಗ್ ಕಿತ್ತುಹೋಗದಿದ್ದರೂ ಕಿತ್ತುಹೋಗುವ ಹಾಗಿದೆ ಎಂದು ಅವಳು ಬರುವುದು, ಅದು ಸುಳ್ಳೆಂದು ಗೊತ್ತಿದ್ದೂ ಅವನು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಪರೀಕ್ಷಿಸುವುದು. ಇವತ್ತು ಅವಳಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕುಸಿದಳು.

“ನಾಲ್ಕು ದಿನ. ಮಾತ್ರೆ ತಗೊಂಡ್ರೆ ಇಳಿಯುತ್ತೆ. ವೇಣು, ಯಾರಿಗೂ ಹೇಳ್ಬೇಡಿ.”

ಆ ವರ್ಷ ಅವಳು ಆಗಲೇ ಎರಡು ಟೂರ್ನಿಗಳಿಂದ ಹಿಂದೆ ಸರಿದಿದ್ದಳು. ಒಮ್ಮೆ ಹೊಟ್ಟೆಯ ಸೋಂಕು, ಇನ್ನೊಮ್ಮೆ ಕಾಮಾಲೆ. ಎರಡೂ ಸಲ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಇಲ್‌ನೆಸ್’ ಎಂದು ಒಂದೇ ಪದ. ದೊಡ್ಡ ದೊಡ್ಡ ಆಟಗಾರರ ಹೆಸರಿನ ಮುಂದೆ ಆ ಪದ ಬಂದರೆ ಲೋಕವೇ ಅಯ್ಯೋ ಅನ್ನುತ್ತದೆ. ನಾನೂರನೇ ರ‍್ಯಾಂಕಿನವಳ ಮುಂದೆ ಬಂದರೆ, ಈ ಹುಡುಗಿ ಗಟ್ಟಿಯಿಲ್ಲ ಎಂದು ಆಡಿಕೊಳ್ಳುತ್ತಾರೆ. ಈ ಸಲ ಸಂಘಟಕರು ತಾವಾಗಿಯೇ ಕರೆದು ಮುಖ್ಯ ಸುತ್ತಿನಲ್ಲಿ ಜಾಗ ಕೊಟ್ಟಿದ್ದರು. ಎರಡು ಮ್ಯಾಚ್ ಗೆದ್ದರೆ ಮುನ್ನೂರರ ಒಳಗೆ, ವಿದೇಶದ ಟೂರ್ನಿಗಳ ಬಾಗಿಲು ತೆರೆಯುತ್ತದೆ. ನಾಳೆ ಹನ್ನೊಂದು ಗಂಟೆಗೆ ಮೊದಲ ಮ್ಯಾಚ್. ಚಿಕ್ಕಬಳ್ಳಾಪುರದಿಂದ ಅಪ್ಪ ನಲ್ಲಪ್ಪ ಅರ್ಧ ಬೀದಿಯನ್ನೇ ಟೆಂಪೋ ಟ್ರಾವೆಲರ್‌ನಲ್ಲಿ ತುಂಬಿಕೊಂಡು ಬರುವವರಿದ್ದರು.

ವೇಣುವಿನ ನೋಟ ಅವಳ ಕೆಂಪು ಕಣ್ಣುಗಳ ಮೇಲೆ ನಿಂತು, ಒಣಗಿದ ತುಟಿಗೆ ಇಳಿದು, ಗಾಬರಿಯಿಂದ ಮತ್ತೆ ರ‍್ಯಾಕೆಟ್ಟಿಗೆ ಓಡಿತು.

“ಹೇಳಲ್ಲ,” ಎಂದ. “ನೀವೇ ಹೇಳ್ಲಿ ಅಂತ ಆಸೆ. ಆದ್ರೆ ನಾನು ಹೇಳಲ್ಲ.”

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಟೂರ್ನಿಯ ಡಾಕ್ಟರ್ ಅವಳನ್ನು ಕರೆಸಿದರು. ಥರ್ಮಾಮೀಟರ್ ನೂರಾಮೂರು ತೋರಿಸಿತು. ರಕ್ತ ತೆಗೆದರು. ಡೆಂಗಿ. ಪ್ಲೇಟ್‌ಲೆಟ್ ಆಗಲೇ ನಲವತ್ತು ಸಾವಿರಕ್ಕೆ ಇಳಿದಿತ್ತು. ಹತ್ತೂವರೆಗೆ ನೋಟಿಸ್ ಬೋರ್ಡಿನಲ್ಲಿ ಅವಳ ಹೆಸರಿನ ಮೇಲೆ ಗೆರೆ ಬಿತ್ತು. ಪಕ್ಕದಲ್ಲಿ ಅದೇ ಒಂದು ಪದ.

ಗೌತಮಿ ನೇರವಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋದಳು. ಹಿಂದೆಯೇ ರೂಮ್‌ಮೇಟ್ ತನುಜ ಓಡಿಬಂದಳು.

“ಡಾಕ್ಟ್ರಿಗೆ ಯಾರು ಹೇಳಿದ್ದು? ನಿಮ್ಮೊಬ್ಬರಿಗೇ ಗೊತ್ತಿತ್ತು!”

ವೇಣು ಬಾಯಿ ತೆರೆದ. ಅವಳ ಹೆಗಲಾಚೆ ಬಾಗಿಲಲ್ಲಿ ಏನನ್ನೋ ನೋಡಿದ. ಬಾಯಿ ಮುಚ್ಚಿದ.

“ಎಳೆ ಹಿಡಿಯೋ ಕೈಗೆ ಮಾತು ಹಿಡಿದಿಟ್ಟುಕೊಳ್ಳೋಕೆ ಬರಲ್ಲ ಅಂತ ಗೊತ್ತಿರಲಿಲ್ಲ,” ಎಂದಳು ಗೌತಮಿ. “ನಿಮ್ಮನ್ನ ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ.”

“ಮೊದಲು ಆಸ್ಪತ್ರೆಗೆ ಹೋಗಿ,” ಎಂದ ಅವನು.

ಆರು ದಿನ ಚಿಕ್ಕಬಳ್ಳಾಪುರದ ಆಸ್ಪತ್ರೆಯ ಮಂಚ. ಮ್ಯಾಚ್ ನೋಡಲು ಹೊರಟಿದ್ದ ಅರ್ಧ ಬೀದಿ ಸರದಿಯ ಮೇಲೆ ಬಂದು ಅವಳನ್ನು ನೋಡಿತು. ಯಾರೋ ಪರಂಗಿ ಎಲೆಯ ರಸ ತಂದರು, ಯಾರೋ ದ್ರಾಕ್ಷಿ, ಯಾರೋ ರಾಗಿ ಗಂಜಿ. ಅಮ್ಮ ಆಂಜಿನಮ್ಮ ಎಲ್ಲವನ್ನೂ ಸರದಿಯ ಮೇಲೆ ಕುಡಿಸಿದರು. ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರಕ್ಕೆ ಇಳಿದ ದಿನ ಡಾಕ್ಟರು, “ಆ ಬಿಸಿಲಲ್ಲಿ ಎರಡು ಗಂಟೆ ಓಡಿದ್ದಿದ್ರೆ...” ಎಂದು ಶುರುಮಾಡಿ, ಅಮ್ಮನ ಮುಖ ನೋಡಿ ಮಾತು ನುಂಗಿಕೊಂಡರು.

ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂದಿತ್ತು: ಅನಾರೋಗ್ಯದ ಕಾರಣ ಹಿಂದೆ ಸರಿದ ಗೌತಮಿ. ಶಾಲೆಯಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟರಾಗಿದ್ದ ನಲ್ಲಪ್ಪ ಅದನ್ನು ಕತ್ತರಿಸಿ, ಬುದ್ಧನ ಪಟದ ಕೆಳಗೆ ಅವಳ ಕಪ್ಪುಗಳ ಪಕ್ಕ ಇಟ್ಟರು.

“ಇದನ್ಯಾಕಪ್ಪ ಇಟ್ಟಿದ್ದೀಯ?”

“ಬದುಕಿ ಬಂದ್ಯಲ್ಲಮ್ಮ, ಅದಕ್ಕೆ. ಜೊತೆಗೆ ಈ ಸಲ ನಿನ್ನ ಹೆಸರು ತಪ್ಪಿಲ್ಲದೆ ಹಾಕಿದ್ದಾರೆ.”

ಅವಳಿಗೆ ನಗು ಬಂತು, ಅಳುವೂ ಬಂತು. ರ‍್ಯಾಂಕಿಂಗ್ ಹೋದದ್ದಕ್ಕೆ ಅವಳು ಅತ್ತದ್ದು ಒಂದೇ ದಿನ. ಅದಕ್ಕಿಂತ ಹೆಚ್ಚು ಕಾಡಿದ್ದು ವೇಣುವಿನ ಮುಚ್ಚಿದ ಬಾಯಿ. ತಪ್ಪು ಮಾಡಿದವನು ಸಮಜಾಯಿಷಿ ಕೊಡುತ್ತಾನೆ, ಇಲ್ಲ ಕ್ಷಮೆ ಕೇಳುತ್ತಾನೆ. ಇವನು ಎರಡೂ ಮಾಡಲಿಲ್ಲ. ಫೋನ್ ತೆಗೆದು ಅವನ ಹೆಸರು ನೋಡುವುದು, ಮತ್ತೆ ದಿಂಬಿನ ಕೆಳಗೆ ತುರುಕುವುದು ಅವಳಿಗೆ ದಿನದ ಕೆಲಸವಾಯಿತು.

ಮೂರನೇ ವಾರ ತನುಜ ಬಂದಳು. ಚಿಂತಾಮಣಿಯಿಂದ ಬಸ್ಸಿನಲ್ಲಿ, ಗೌತಮಿಯ ಕಿಟ್ ಬ್ಯಾಗ್ ಹೊತ್ತುಕೊಂಡು. ತನುಜ ಆ ಟೂರ್ನಿಯ ಅರ್ಹತಾ ಪಂದ್ಯದ ಕೊನೆಯ ಸುತ್ತಿನಲ್ಲಿ ಸೋತಿದ್ದಳು. ಆದರೆ ಮುಖ್ಯ ಸುತ್ತಿನಿಂದ ಯಾರಾದರೂ ಹಿಂದೆ ಸರಿದರೆ ಆ ಜಾಗ ಹಾಗೆ ಸೋತವರಲ್ಲಿ ಒಬ್ಬರಿಗೆ ಸಿಗುತ್ತದೆ. ಲಕ್ಕಿ ಲೂಸರ್ ಎನ್ನುತ್ತಾರೆ. ಗೌತಮಿಯ ಜಾಗ ಸಿಕ್ಕಿದ್ದು ಅವಳಿಗೇ. ಆಡಿ, ಮೊದಲ ಮ್ಯಾಚ್ ಗೆದ್ದೂ ಇದ್ದಳು.

ಬಂದವಳು ಕಾಫಿ ಮುಟ್ಟಲಿಲ್ಲ. ಲೋಟದ ಮೇಲೆ ಕೆನೆ ಕಟ್ಟುವ ಹೊತ್ತಿಗೆ ಒಮ್ಮೆಲೇ ಬಿಕ್ಕಿದಳು.

“ನಾನೇ ಕಣೇ ಡಾಕ್ಟ್ರಿಗೆ ಹೇಳಿದ್ದು. ನೀನು ಬೆಳಗಿನ ಜಾವ ಏನೇನೋ ಕನವರಿಸ್ತಿದ್ದೆ, ಮೈ ಕೆಂಡ ಆಗಿತ್ತು. ಭಯ ಆಯ್ತು, ಹೇಳ್ಬಿಟ್ಟೆ. ಆಮೇಲೆ ನೋಡಿದ್ರೆ ಲಿಸ್ಟಲ್ಲಿ ಮುಂದಿನ ಹೆಸರು ನಂದು! ನಿಜಂಗಾ, ನನಗೆ ಅದು ನೆನಪೇ ಇರಲಿಲ್ಲ ಗೌತು. ಜಾಗಕ್ಕೋಸ್ಕರ ಚಾಡಿ ಹೇಳಿದ್ಲು ಅಂತ ನೀನು ಅಂದ್ಕೊಂಡ್ರೆ?”

ಗೌತಮಿಗೆ ಆ ಬಾಗಿಲು ನೆನಪಾಯಿತು. ವೇಣು ಅವಳ ಹೆಗಲಾಚೆ ನೋಡಿದ್ದು ಇವಳನ್ನು.

“ವೇಣುಗೆ ಗೊತ್ತಿತ್ತಾ?”

“ನನ್ನ ಮುಖ ನೋಡೇ ಗೊತ್ತಾಗಿದೆ. ನೀನು ಆಸ್ಪತ್ರೆಗೆ ಹೋದ್ಮೇಲೆ, ನಾನು ಆಡಲ್ಲ, ಎಲ್ಲಾ ಹೇಳ್ಬಿಡ್ತೀನಿ ಅಂತ ಅವರತ್ರ ಅತ್ತೆ. ‘ಈಗ ಬೇಡ. ಕೋಪ ನನ್ನ ಮೇಲೇ ಇರ್ಲಿ. ಕಾಯಿಲೆ ಮಲಗಿದೋರಿಗೆ ಗೆಳತಿ ಬೇಕು, ಸ್ಟ್ರಿಂಗ್ ಹಾಕೋನು ಇಲ್ದಿದ್ರೂ ನಡೆಯುತ್ತೆ. ನೀವು ಹೋಗಿ ಅವರ ಜಾಗದಲ್ಲಿ ಚೆನ್ನಾಗಿ ಆಡಿ’ ಅಂದ್ರು.”

ಗೌತಮಿ ಎದ್ದು ತನುಜಳನ್ನು ತಬ್ಬಿಕೊಂಡಳು. ತನ್ನ ಪ್ರಾಣ ಉಳಿಸಿದವಳು ಮೂರು ವಾರ ಕಳ್ಳಿಯ ಹಾಗೆ ಒದ್ದಾಡಿದ್ದಾಳೆ.

“ನೀನು ಹೇಳ್ದೇ ಇದ್ದಿದ್ರೆ ನಾನು ಕೋರ್ಟಲ್ಲೇ ಬಿದ್ದಿರ್ತಿದ್ದೆ, ಹುಚ್ಚಿ. ಮೊದಲನೇ ಮ್ಯಾಚ್ ಗೆದ್ಯಂತೆ? ನನ್ನ ಜಾಗ ದಂಡ ಆಗ್ಲಿಲ್ಲ ಬಿಡು.”

ಆಮೇಲೆ ಕಿಟ್ ಬ್ಯಾಗ್ ಬಿಚ್ಚಿದಳು. ಮ್ಯಾಚಿನ ಹಿಂದಿನ ಸಂಜೆ ವೇಣು ಕೊಟ್ಟುಕಳಿಸಿದ್ದ ಮೂರು ರ‍್ಯಾಕೆಟ್ ಹಾಗೇ ಇದ್ದವು. ಎರಡು ರ‍್ಯಾಕೆಟ್‌ಗಳ ಸ್ಟಿಕ್ಕರ್ ಮೇಲೆ ಅವಳು ಕೇಳಿದಂತೆ ನಲವತ್ತೆಂಟು ಎಂದಿತ್ತು. ಮೂರನೆಯದರ ಮೇಲೆ ಐವತ್ತೆರಡು. ಅದರ ಕೆಳಗೆ ತಾರೀಕಿನ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಹುಷಾರಾದ ಮೇಲೆ’.

ಅಂದರೆ ಅವಳು ಬೈಯುವ ಮೊದಲೇ, ಆ ಸಂಜೆಯೇ, ಅವನು ಇದನ್ನು ಬರೆದಿದ್ದ. ಅವಳು ಗುಣವಾಗುವಳೆಂದು, ತನ್ನ ಬಿಗಿಗೆ ಮತ್ತೆ ಏರುವಳೆಂದು, ಅವಳಿಗಿಂತ ಮೊದಲು ನಂಬಿದವನು ಅವನು. ಗೌತಮಿ ಸ್ಟಿಕ್ಕರ್ ಮೇಲೆ ಹೆಬ್ಬೆರಳಾಡಿಸಿದಳು. ಕಣ್ಣು ತುಂಬಿತು.

ಫೋನ್ ಮಾಡಲು ಮುಖವಿರಲಿಲ್ಲ. ಮೆಸೇಜ್ ಕಳಿಸಿದಳು: “ಐವತ್ತೆರಡರ ಸ್ಟ್ರಿಂಗ್ ಸಡಿಲ ಆದಂಗಿದೆ. ಬಂದು ನೋಡ್ತೀರಾ?”

ಉತ್ತರ ಒಂದೇ ನಿಮಿಷಕ್ಕೆ ಬಂತು: “ಕೂತಲ್ಲೇ ಐದು ಪೌಂಡ್ ಇಳಿದಿರುತ್ತೆ. ಡಾಕ್ಟ್ರು ಆಡೋಕೆ ಬಿಟ್ಟ ದಿನ ಹೇಳಿ, ಬರ್ತೀನಿ.”

ಡಾಕ್ಟರು ಬಿಡಲು ಇನ್ನೂ ಎರಡು ವಾರ ಹಿಡಿಯಿತು. ಆ ಭಾನುವಾರ ವೇಣು ಶಿಡ್ಲಘಟ್ಟದಿಂದ ಬೈಕಿನಲ್ಲಿ ಬಂದ, ಹಿಂದಿನ ಸೀಟಿಗೆ ಸ್ಟ್ರಿಂಗ್ ಹಾಕುವ ಯಂತ್ರ ಕಟ್ಟಿಕೊಂಡು. ಹಜಾರದಲ್ಲೇ ಕೂತು ರ‍್ಯಾಕೆಟ್ಟನ್ನು ಹೊಸದಾಗಿ ಹೆಣೆದ. ಆಂಜಿನಮ್ಮ ಬಾಗಿಲಿಗೊರಗಿ ನೋಡಿದರು.

“ದಾರ ಹಾಕೋಕೆ ಅಷ್ಟು ದೂರದಿಂದ ಬಂದ್ಯೇನಪ್ಪ? ಊಟ ಮಾಡ್ಕೊಂಡೇ ಹೋಗ್ಬೇಕು. ಮುದ್ದೆ, ಬಸ್ಸಾರು ಮಾಡಿದ್ದೀನಿ.”

“ಆಯ್ತಮ್ಮ,” ಎಂದವನ ಕಿವಿ ಕೆಂಪಾಯಿತು.

ಮುದ್ದೇನಹಳ್ಳಿ ಕಡೆಯ ಶಾಲೆಯೊಂದರಲ್ಲಿ ನಲ್ಲಪ್ಪ ತಾವೇ ಸುಣ್ಣದಲ್ಲಿ ಗೆರೆ ಎಳೆದ ಸಿಮೆಂಟ್ ಅಂಗಳವಿತ್ತು. ವಾಲಿಬಾಲ್ ನೆಟ್ಟನ್ನೇ ಇಳಿಸಿ ಕಟ್ಟಿದರೆ ಅದೇ ಟೆನಿಸ್ ಕೋರ್ಟ್. ಗೌತಮಿ ಮೊದಲ ಚೆಂಡು ಹೊಡೆದದ್ದೂ ಅಲ್ಲೇ. ನಲ್ಲಪ್ಪ ಗಡಿಯಾರ ಹಿಡಿದು ಬೇವಿನ ನೆರಳಲ್ಲಿ ಕೂತರು. “ಅರ್ಧ ಗಂಟೆ. ಒಂದು ನಿಮಿಷ ಜಾಸ್ತಿ ಇಲ್ಲ.”

ನೆಟ್ಟಿನ ಆಚೆ ನಿಂತ ವೇಣು ಬಕೆಟ್ಟಿನಿಂದ ಒಂದೊಂದೇ ಚೆಂಡು ತೆಗೆದು ಎಸೆಯಲು ಶುರುಮಾಡುವ ಮೊದಲು ಗೌತಮಿ ಹೇಳಬೇಕಾದ್ದನ್ನು ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು.

“ತಪ್ಪಾಯ್ತು ವೇಣು. ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ನೀವು ಸುಮ್ನೆ ಅನ್ನಿಸ್ಕೊಂಡ್ರಿ. ಅದಕ್ಕೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ.”

“ಮೊದಲು ಹೊಡೀರಿ. ಥ್ಯಾಂಕ್ಸ್ ಹೇಗಿದೆ ಅಂತ ಸ್ಟ್ರಿಂಗಲ್ಲಿ ನೋಡ್ತೀನಿ.”

ಅವನು ಮೆಲ್ಲಗೆ ಎಸೆದ. ಅವಳು ಮೆಲ್ಲಗೆ ಹೊಡೆದಳು. ಮೈಯಲ್ಲಿ ಇನ್ನೂ ಪೂರ್ತಿ ಬಲವಿರಲಿಲ್ಲ, ಆದರೆ ಕಾಲು ಹೇಳಿದ ಮಾತು ಕೇಳುತ್ತಿತ್ತು. ಬೆಳಗಿನ ಬಿಸಿಲು ಹೆಗಲ ಮೇಲೆ ಹಿತವಾಗಿ ಕೂತಿತ್ತು. ಉಸಿರು ಸರಾಗವಾಗಿ ಬರುವುದೇ ಇಷ್ಟು ದೊಡ್ಡ ಸುಖ ಎಂದು ಅವಳಿಗೆ ಹಿಂದೆಂದೂ ಗೊತ್ತಿರಲಿಲ್ಲ. ಅಪ್ಪ, ಅಮ್ಮ, ತನುಜ, ಪರಂಗಿ ಎಲೆ ತಂದ ಬೀದಿಯವರು, ಎಲ್ಲರನ್ನೂ ನೆನೆದು ಅವಳ ಮನಸ್ಸು ಕೈ ಮುಗಿಯಿತು. ಎದುರಿಗಿದ್ದವನನ್ನು ಮಾತ್ರ ನೆನೆಯಬೇಕಾಗಿರಲಿಲ್ಲ. ಕಣ್ಣೆದುರೇ ಇದ್ದ.

“ಆಯ್ತು! ಅರ್ಧ ಗಂಟೆ!” ನಲ್ಲಪ್ಪ ಕೂಗಿ, ಬಾಟಲಿಗೆ ನೀರು ತುಂಬಲು ನಲ್ಲಿಯ ಕಡೆ ಹೋದರು.

ವೇಣು ನೆಟ್ ದಾಟಿ ಬಂದು ರ‍್ಯಾಕೆಟ್ ಇಸಿದುಕೊಂಡ. ಬಿಸಿಲಿಗೆ ಹಿಡಿದ. ಅವನ ಹುಬ್ಬು ಗಂಟಿಕ್ಕಿತು.

“ಮಧ್ಯದಲ್ಲಿ ಬಿದ್ದಿರೋದು ಕಮ್ಮಿ. ಹೆಚ್ಚು ತುದೀಲೇ ಇದೆ.” ಅವನ ದನಿ ಸಣ್ಣಗಾಯಿತು. “ಮತ್ತೆ ಜ್ವರಾನಾ? ಮತ್ತೆ ಮುಚ್ಚಿಡ್ತಿದ್ದೀರಾ?”

ಕೇಳುತ್ತ ಕೇಳುತ್ತಲೇ, ತಾನೇನು ಮಾಡುತ್ತಿದ್ದೇನೆಂದು ಮರೆತು, ಅಂಗೈ ಹಿಂಬದಿಯನ್ನು ಅವಳ ಹಣೆಗಿಟ್ಟ.

“ಜ್ವರ ಇಲ್ಲ,” ಎಂದಳು ಗೌತಮಿ. “ನಾನು ಚೆಂಡು ನೋಡ್ತಿರಲಿಲ್ಲ.”

“ಮತ್ತೆ?”

“ಚೆಂಡು ಎಸೆಯೋರನ್ನ ನೋಡ್ತಿದ್ದೆ.”

ವೇಣುವಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವನ ಮುಖದ ಮೇಲೆ ನಗು ನಿಧಾನವಾಗಿ ಹರಡಿತು.

“ಎರಡು ವರ್ಷದಿಂದ ಸ್ಟ್ರಿಂಗ್ ಚೆನ್ನಾಗಿದ್ರೂ ಚೆನ್ನಾಗಿಲ್ಲ ಅಂತ ತರ್ತಿದ್ರಲ್ಲ, ಅದಕ್ಕೂ ಇದೇ ಕಾರಣಾನಾ?”

“ಗೊತ್ತಿತ್ತಾ ನಿಮಗೆ?”

“ಸ್ಟ್ರಿಂಗ್ ಗೊತ್ತಿತ್ತು. ನಿಮ್ಮ ಮನಸ್ಸು ಗೊತ್ತಿರಲಿಲ್ಲ. ನನ್ನ ಮನಸ್ಸು ಮಾತ್ರ ಎರಡು ವರ್ಷದಿಂದ ಗೊತ್ತು. ನೀವಂದ್ರೆ ನನಗೆ ಜೀವ, ಗೌತಮಿ.”

ಮೇಡಂ ಎನ್ನದೆ ಅವನು ಹೆಸರು ಹಿಡಿದದ್ದು ಅದೇ ಮೊದಲು. ಹೇಳಿದ ಮೇಲೆ ತನ್ನ ಕೈ ಇನ್ನೂ ಅವಳ ಹಣೆಯ ಮೇಲೇ ಇರುವುದು ನೆನಪಾಗಿ, ನಲ್ಲಿಯ ಕಡೆ ಒಮ್ಮೆ ನೋಡಿ, ಗಡಿಬಿಡಿಯಿಂದ ತೆಗೆಯಲು ಹೋದ. ಗೌತಮಿ ಅವನ ಮಣಿಕಟ್ಟು ಹಿಡಿದುಕೊಂಡಳು.

“ಇನ್ನೊಂದು ಸಲ ನೋಡಿ,” ಎಂದಳು. “ಜ್ವರ ಇದ್ಯೋ ಇಲ್ವೋ, ಸರಿಯಾಗಿ ನೋಡಿಲ್ಲ ನೀವು.”