ಕೊಡದೊಳಗಿನ ಧ್ರುವ

ಬಹಳ ಹಿಂದೆ ಕಡಲಂಚಿನಲ್ಲಿ ಬೆಳ್ಗೋಡು ಎಂಬ ರಾಜ್ಯವಿತ್ತು. ಅಲ್ಲಿ ಅರಮನೆಗಿಂತ ಎತ್ತರದ ಕಟ್ಟಡ ಒಂದೇ, ಚುಕ್ಕಿಮಾಳಿಗೆ. ಅದರ ತುದಿಯಲ್ಲಿ ಆನೆಯ ಸೊಂಡಿಲಿನಂಥ ದುರ್ಬೀನು. ಬಾಗಿಲಿಗೆ ಅಗುಳಿ ಇರಲಿಲ್ಲ. ಮುಸ್ಸಂಜೆಯಾದರೆ ಊರೆಲ್ಲ ಮೆಟ್ಟಿಲೇರುತ್ತಿತ್ತು. ಮಜ್ಜಿಗೆ ಮಾರುವವಳ ಹಿಂದೆ ರಾಜನೂ ಸರತಿಯಲ್ಲಿ ನಿಲ್ಲುತ್ತಿದ್ದ.

ಕಟ್ಟಳೆ ಒಂದೇ. ನೋಡಿದವರು, "ನಾ ಕಂಡೆ, ನೀನೂ ಕಾಣು" ಎಂದು ಹಿಂದಿನವರಿಗೆ ಜಾಗ ಬಿಡಬೇಕು. ಆ ಮಾತೇ ಆಕಾಶಕ್ಕೆ ಕಾವಲು.

ಕೇದಗೆ ಎಂಬವಳು ದಿನವೂ ಬರುತ್ತಿದ್ದಳು. ಅವಳ ಗಂಡ ದುಗ್ಗಣ್ಣ ಹಡಗು ನಡೆಸುವವನು. ಧ್ರುವನನ್ನು ನೋಡಿ ದಾರಿ ಹಿಡಿಯುವವನು. ಅವನು ನೋಡುವ ಚುಕ್ಕಿಯನ್ನೇ ತಾನೂ ನೋಡಿದರೆ, ಅವನು ಪಕ್ಕದಲ್ಲೇ ಕೂತಂತೆ ಅವಳಿಗೆ.

ಒಂದು ಸಂಜೆ ಅವಳಿಗೆ ಧ್ರುವನಿಂದ ಕಣ್ಣು ಕೀಳಲಾಗಲಿಲ್ಲ.

"ಮಗಳೇ, ಜಾಗ ಬಿಡು," ಎಂದ ಹಿಂದೆ ನಿಂತ ಮುದುಕ.

"ಇರಿ ಅಜ್ಜ, ಇನ್ನೊಂದು ಗಳಿಗೆ."

"ಬಿಡು ತಾಯಿ."

"ಇರಿ ಅಂದೆನಲ್ಲ!"

ಕೊನೆಗೆ ಕಣ್ಣೊರೆಸಿಕೊಂಡು ಇಳಿದುಹೋದಳು. ಹೇಳಬೇಕಾದ ಮಾತು ಹೇಳಲಿಲ್ಲ.

ಆ ಮುದುಕ ಕಾವಳ ಎಂಬ ಮಾಂತ್ರಿಕ. ಅವನು ಕಾಯುತ್ತಿದ್ದುದು ಅದನ್ನೇ. ಕಾವಲು ತಪ್ಪಿದ ಧ್ರುವನನ್ನು ಕಿತ್ತು, ಕರಿಯ ಕೊಡಕ್ಕೆ ಹಾಕಿಕೊಂಡು ಹಾರಿಹೋದ. ನಡುವಿನ ಮೇಟಿಕಂಬ ಕಿತ್ತ ಕಣದಲ್ಲಿ ಎತ್ತುಗಳು ಅಲೆದಂತೆ ಚುಕ್ಕಿಗಳೆಲ್ಲ ಅಲೆದವು.

"ಇನ್ನು ಹಡಗುಗಳಿಗೆ ದಡ ಸಿಗದು," ಎಂದ ರಾಜ.

"ನನ್ನಿಂದ ಹೋದದ್ದು. ನಾನೇ ತರುತ್ತೇನೆ," ಎಂದಳು ಕೇದಗೆ. ಕಿರು ದುರ್ಬೀನೊಂದನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಮಾಂತ್ರಿಕನ ಗುಡ್ಡ. ಮೊದಲ ಬಾಗಿಲಲ್ಲಿ ಕಲ್ಲಿನ ಕರಡಿ. "ತಿನ್ನುತ್ತೇನೆ," ಎಂದಿತು.

"ತಿನ್ನು. ಮೊದಲು ಚಂದ್ರನನ್ನು ನೋಡು. ನಾ ಕಂಡೆ, ನೀನೂ ಕಾಣು."

ಕರಡಿ ನೋಡಿತು. ತಿನ್ನುವುದು ಮರೆಯಿತು. ಕಲ್ಲು ಮೈಯ ಮೇಲೆ ಕೂದಲು ಚಿಗುರಿತು. ಅವಳ ಹಿಂದೆಯೇ ಬಂತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು. "ನಾ ಕಂಡೆ, ನೀನೂ ಕಾಣು," ಎಂದಳು.

"ನನಗೆ ಮೊದಲು!" ಎಂದಿತು ಒಂದು ಹೆಡೆ.

"ನಿನ್ನ ಮೋರೆಗೆ ಚಂದ್ರ ಬೇರೆ ಕೇಡು!" ಎಂದಿತು ಇನ್ನೊಂದು.

"ಸರತಿಯಲ್ಲಿ ನಿಲ್ಲಿ!" ಎಂದು ಗದರಿದಳು. ನಿಂತವು. ಒಂದೊಂದಾಗಿ ನೋಡಿದವು. ಹಾವೂ ಹಿಂದೆಯೇ ಬಂತು.

ಮೂರನೆಯ ಬಾಗಿಲು ಗುಡ್ಡದ ನೆತ್ತಿಯಲ್ಲಿ. ಅಲ್ಲಿ ಕಾವಳ ಕೂತಿದ್ದ. ಮುಂದೆ ಕೊಡ.

"ಬಾ ಮಗಳೇ. ನಿನ್ನ ಗಂಡ ಇದರಲ್ಲಿ ಕಾಣುತ್ತಾನೆ. ಎಷ್ಟು ಹೊತ್ತಾದರೂ ನೋಡು. ಜಾಗ ಬಿಡು ಅನ್ನುವವರು ಇಲ್ಲಿಲ್ಲ."

ಬಗ್ಗಿದಳು. ಕೊಡದ ಬೆಳಕಿನಲ್ಲಿ ದುಗ್ಗಣ್ಣ ಕಂಡ. ಗಡ್ಡ ಬೆಳೆದಿತ್ತು. ಚುಕ್ಕಾಣಿ ಹಿಡಿದು, ತಲೆಯೆತ್ತಿ ಹುಡುಕುತ್ತಿದ್ದ. ಅವಳ ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು. ಆಗಲಿ, ನೋಡುತ್ತಲೇ ಇರೋಣ ಅನ್ನಿಸಿತು.

ಆದರೆ ತಾನು ಇಲ್ಲಿ ನೋಡುವಷ್ಟು ಹೊತ್ತೂ ಅಲ್ಲಿ ಅವನಿಗೆ ಕತ್ತಲೆ.

ಕೊಡದಿಂದ ಕಣ್ಣು ಕಿತ್ತಳು. "ನಾ ಕಂಡೆ, ನೀನೂ ಕಾಣು," ಎಂದಳು. ಕಾಲಿನ ಕಲ್ಲು ಕರಗಿತು.

ಆ ಮಾತನ್ನು ಕಾವಳನಿಗೆ ಯಾರೂ ಹೇಳಿರಲಿಲ್ಲ. ಬಗ್ಗಿದ. ನೋಡಿದ. ನೋಡುತ್ತಲೇ ಉಳಿದ.

"ಸಾಕು, ಆಚೆ ಸರಿಯಯ್ಯ," ಎಂದಿತು ಕರಡಿ.

"ನಮ್ಮ ಸರತಿ!" ಎಂದವು ಏಳು ಹೆಡೆಗಳು.

"ಇದು ನನ್ನದು!" ಎಂದು ಕಾವಳ ಕೊಡ ತಬ್ಬಿಕೊಂಡ. ನೂಕಾಟದಲ್ಲಿ ಕೊಡ ಉರುಳಿತು, ಒಡೆಯಿತು. ಧ್ರುವ ಹೊರಗೆ ಜಾರಿ, ನೀರಗುಳ್ಳೆಯಂತೆ ಮೆಲ್ಲಗೆ ಮೇಲೇರಿ, ತನ್ನ ಜಾಗದಲ್ಲಿ ಕೂತ. ಚುಕ್ಕಿಗಳು ಸುತ್ತತೊಡಗಿದವು. ಕೊಡದೊಂದಿಗೆ ಮಾಯೆಯೂ ಒಡೆಯಿತು. ಉಳಿದವನು ಬರಿಯ ಮುದುಕ.

ಕರಡಿ, ಹಾವು, ಮುದುಕನೊಂದಿಗೆ ಕೇದಗೆ ಊರಿಗೆ ಮರಳಿದಳು. ಬೆಳ್ಳಿ ಮೂಡುವಾಗ ಹಡಗು ದಡ ಮುಟ್ಟಿತು.

"ದಾರಿ ತಪ್ಪಿತ್ತು ಮಾರಾಯ್ತಿ. ಧ್ರುವನೇ ಕಾಣಲಿಲ್ಲ," ಎಂದ ದುಗ್ಗಣ್ಣ.

"ನಾನೇ ಅಡ್ಡ ನಿಂತಿದ್ದೆ," ಎಂದಳು ಕೇದಗೆ.

ಅಂದಿನಿಂದ ಕರಡಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಮಾಳಿಗೆ ಹತ್ತಿಸುತ್ತಿತ್ತು. ಹಾವಿಗೆ ಏಳು ಸರತಿ ಕೊಟ್ಟರು. ಕಾವಳ ಎಲ್ಲರ ಹಿಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಒಂದು ಸಂಜೆ ಕೇದಗೆ ಅವನ ಕೈ ಹಿಡಿದು ಮುಂದೆ ಕರೆದಳು.

"ಬನ್ನಿ ಅಜ್ಜ. ನಾ ಕಂಡೆ, ನೀವೂ ಕಾಣಿ."

ನೋಡಿದ. ಬೇಗನೆ ಸರಿದ.

ಎಲ್ಲರೂ ಸುಖವಾಗಿದ್ದರು. ಕತೆ ಇಷ್ಟೇ. ಕೇಳಿದಿರಲ್ಲ, ಇನ್ನು ಪಕ್ಕದವರಿಗೆ ಹೇಳಿ.